ಓಯ್ವಾ ಮಾವ ಮತ್ತು ಕಚ್ಚುವ ಕಾರು

"ಅಮ್ಮಾ, ಉಕ್ಕಿ ಕಾರು ಕಚ್ಚುತ್ತೆ."

ವೆನ್ಲಾ ಇದನ್ನು ಹೇಳಿದ್ದು ಭಾನುವಾರದ ಊಟದ ಮೇಜಿನಲ್ಲಿ, ಬಾಯ್ತುಂಬ ಆಲೂಗಡ್ಡೆ ತುಂಬಿಕೊಂಡು. ಉಕ್ಕಿ ಎಂದರೆ ಅವಳ ತಾತ, ನನ್ನ ಮಾವ ಓಯ್ವಾ ಪಿಕ್ಕರೈನೆನ್. ಎಲ್ಲರೂ ನಕ್ಕರು. ಮಾವ ಎಲ್ಲರಿಗಿಂತ ಜೋರಾಗಿ ನಕ್ಕು, "ಮುದಿ ಕಾರು ಪುಟ್ಟೀ, ಅದಕ್ಕೆ ಹಲ್ಲೇ ಇಲ್ಲ" ಅಂದರು. ನಾನೂ ನಗುವವಳ ಹಾಗೆ ಮುಖ ಮಾಡಿದೆ. ಆದರೆ ಆ ಮಾತು ಅಂದಿನಿಂದ ನನ್ನ ತಲೆಯೊಳಗೆ ಕೂತುಬಿಟ್ಟಿತು. ಪಾತ್ರೆ ತೊಳೆಯುವಾಗಲೂ ಇದೆ, ಮಗುವಿಗೆ ಕಾಲುಚೀಲ ಹಾಕುವಾಗಲೂ ಇದೆ.

ಯಾಕೆಂದರೆ ನನ್ನ ಮಗಳು ಲೋಹ ಕಂಡಲ್ಲಿ ನಾಲಿಗೆ ಚಾಚುವವಳು. ಅಂಚೆಪೆಟ್ಟಿಗೆ, ಸೇತುವೆಯ ಕಂಬಿ, ಹಿಮ ತಳ್ಳುವ ಸಲಿಕೆ, ಯಾವುದನ್ನೂ ಬಿಟ್ಟಿಲ್ಲ. ಈ ಹಿಮದ ದೇಶದಲ್ಲಿ ಹುಟ್ಟಿದ ಎಲ್ಲರೂ ಒಮ್ಮೆಯಾದರೂ ಚಳಿಗಾಲದ ಕಬ್ಬಿಣಕ್ಕೆ ನಾಲಿಗೆ ಅಂಟಿಸಿಕೊಂಡು ಅತ್ತವರೇ. ಉಗುರುಬೆಚ್ಚಗಿನ ನೀರು ಸುರಿದರೆ ಬಿಟ್ಟುಕೊಳ್ಳುತ್ತದೆ. ಅದೊಂದು ಭಯವನ್ನು ನಾನು ಹೇಗೋ ಪಳಗಿಸಿಕೊಂಡಿದ್ದೆ. ಆದರೆ ಕಚ್ಚುವ ಕಾರಿಗೆ ಅಂಟಿಕೊಂಡ ಮಗುವಿನ ಮೇಲೆ ನೀರು ಸುರಿಯಬಹುದೇ? ಇದನ್ನು ಯಾವ ತಾಯಂದಿರ ಪುಸ್ತಕವೂ ಹೇಳುವುದಿಲ್ಲ.

ಮೊದಲು ಓಯ್ವಾ ಮಾವನ ವಿಚಾರ ಹೇಳಿಬಿಡುತ್ತೇನೆ.

ಮಾವ ಜೀವಮಾನವಿಡೀ ಮರದ ದಿಮ್ಮಿಯ ಲಾರಿ ಓಡಿಸಿದವರು. ಸಾವೋ ಸೀಮೆಯ ಕಾಡುದಾರಿಗಳಲ್ಲಿ, ಫೋನೂ ಇಲ್ಲದ ಕಾಲದಲ್ಲಿ, ಲಾರಿ ನಿಂತರೆ ಅವರೇ ಎಬ್ಬಿಸಬೇಕಿತ್ತು. ಎಬ್ಬಿಸದಿದ್ದರೆ ಸ್ಟೀರಿಂಗ್ ಹಿಡಿದುಕೊಂಡೇ ಹೆಪ್ಪುಗಟ್ಟಬೇಕಿತ್ತು. ಅವರು ಎಬ್ಬಿಸಿದರು; ಬದುಕಿದ್ದಾರೆ ಎನ್ನುವುದೇ ಅದಕ್ಕೆ ಸಾಕ್ಷಿ. ಈ ಒಂದು ಸಾಕ್ಷಿಯ ಬಲದ ಮೇಲೆ ಅವರು ನಿವೃತ್ತರಾದ ದಿನದಿಂದ ಮನೆಯ ತಂತಿ, ಮೋಟಾರು, ಪೈಪು ಎಲ್ಲಕ್ಕೂ ತಾವೇ ವೈದ್ಯರಾದರು. ಕಾಡಿನಲ್ಲಿ ಅವರೊಬ್ಬರ ಜೀವ ಉಳಿಸಿದ ಅಭ್ಯಾಸ ಊರಿಗೆ ಬಂದ ಮೇಲೆ ಮನೆಮಂದಿಯ ಜೀವಕ್ಕೆ ಗಂಟುಬಿದ್ದಿತು.

ವೈದ್ಯರು ಅಂದೆನಲ್ಲ, ಅವರಿಗೆ ಗೊತ್ತಿರುವ ರೋಗ ಒಂದೇ. ಕಾರಿನ ಒಂದು ದೀಪ ಆರಿದರೆ, "ಕಾಂಟ್ಯಾಕ್ಟ್ ಸರಿ ಇಲ್ಲ." ಫ್ರಿಜ್ಜು ನಡುಗಿದರೆ, "ಕಾಂಟ್ಯಾಕ್ಟ್." ನನ್ನ ಹಾಲು ಸಾಲದೆ ಮಗು ಅಳುತ್ತಿದ್ದ ಮೊದಲ ತಿಂಗಳಲ್ಲಿ ಅವರು ತೊಟ್ಟಿಲ ಪಕ್ಕ ನಿಂತು ಬಾಯಿ ತೆರೆದದ್ದು ಕಂಡು ಅತ್ತೆ, "ಸುಮ್ನಿರಿ" ಅಂದಿದ್ದರು. ಏನು ಹೇಳಹೊರಟಿದ್ದರೆಂದು ಎಲ್ಲರಿಗೂ ಗೊತ್ತಿತ್ತು.

ಔಷಧಿಯೂ ಹೆಚ್ಚುಕಡಿಮೆ ಒಂದೇ: ಕಪ್ಪು ಟೇಪು. ಟೇಪು ಸಾಲದ ಕಡೆ ಕಾಫಿ ಪೊಟ್ಟಣದ ಬೆಳ್ಳಿ ಕಾಗದ. ಕಾರಿನ ರೇಡಿಯೊ ಫ್ಯೂಸು ಪದೇ ಪದೇ ಹೋಗುತ್ತಿದ್ದಾಗ ಅದಕ್ಕೆ ಬೆಳ್ಳಿ ಕಾಗದ ಸುತ್ತಿಟ್ಟರು. ಆಮೇಲೆ ಫ್ಯೂಸು ಹೋಗಲಿಲ್ಲ, ರೇಡಿಯೊ ಹೋಯಿತು, ಹೊಗೆಯ ಸಮೇತ. "ಹಳೇದಾಗಿತ್ತು" ಅಂದರು ಮಾವ. ಈಗ ಆ ಕಾರಿನಲ್ಲಿ ಎಡಕ್ಕೆ ಇಂಡಿಕೇಟರ್ ಹಾಕಿದರೆ ವೈಪರ್ ಒಮ್ಮೆ ಎದ್ದು ನಮಸ್ಕರಿಸಿ ಮಲಗುತ್ತದೆ. ಮಾವ ಸಾಧ್ಯವಾದಷ್ಟು ಬಲಕ್ಕೇ ತಿರುಗುತ್ತಾರೆ. ಚಳಿ ಹೆಚ್ಚಾದ ರಾತ್ರಿಗಳಲ್ಲಿ ಬ್ಯಾಟರಿಯನ್ನು ಬಿಚ್ಚಿ ತಂದು, ಹಳೆಯ ಸ್ವೆಟರ್ ಹೊದಿಸಿ, ಮಲಗುವ ಕೋಣೆಯಲ್ಲಿ ಇಡುತ್ತಾರೆ. ಔನೆ ಅತ್ತೆ ಒಮ್ಮೆ ನನ್ನ ಹತ್ತಿರ, "ಮದ್ವೆ ಆದ ಹೊಸ್ದರಲ್ಲೂ ನನ್ನನ್ನ ಇಷ್ಟು ಬೆಚ್ಚಗೆ ನೋಡ್ಕೊಂಡಿರ್ಲಿಲ್ಲ ಕಣೆ" ಅಂದಿದ್ದರು. ನಗುತ್ತ ಅಂದರೋ ಇಲ್ಲವೋ ತಿಳಿಯಲಿಲ್ಲ. ಅತ್ತೆಯ ಮುಖದಲ್ಲಿ ಅದು ಯಾವಾಗಲೂ ತಿಳಿಯುವುದಿಲ್ಲ.

ಗೋಡೆಯೊಳಗಿನ ವೈರಿಂಗನ್ನು ಪರವಾನಗಿ ಇರುವವರೇ ಮುಟ್ಟಬೇಕು, ನಾವು ಬಲ್ಬು ಬದಲಿಸಿಕೊಂಡು ತೆಪ್ಪಗಿರಬೇಕು ಎಂದು ಕಾನೂನಿದೆ. ಮಾವನ ಪ್ರಕಾರ ಆ ಕಾನೂನು ಮಾಡಿದ್ದು ರಾಜಧಾನಿ ಹೆಲ್ಸಿಂಕಿಯವರಿಗಾಗಿ. ಇಲ್ಲಿ, ವಾರ್ಕೌಸ್ ಪಟ್ಟಣದಿಂದ ಆಚೆ, ಗಂಡಸೊಬ್ಬ ಎಲೆಕ್ಟ್ರಿಷಿಯನ್ನನ್ನು ಮನೆಗೆ ಕರೆದರೆ ಅಕ್ಕಪಕ್ಕದವರು ಆ ಮನೆಯಲ್ಲಿ ಯಾರಿಗೋ ಪಾರ್ಶ್ವವಾಯು ಬಡಿದಿರಬೇಕು ಅಂದುಕೊಳ್ಳುತ್ತಾರೆ.

ನಾನು ಟಾಂಪೆರೆ ನಗರದಲ್ಲಿ ಓದಿ ಬೆಳೆದವಳು. ನಮ್ಮ ಅಪ್ಪ ಬಲ್ಬು ಹಾಕಲೂ ಕಟ್ಟಡದ ಉಸ್ತುವಾರಿಯವರಿಗೆ ಫೋನ್ ಮಾಡುತ್ತಿದ್ದರು. ಮಾವನ ಮನೆಯ ಅಂಗಳದಲ್ಲೇ ಇರುವ ಚಿಕ್ಕ ಮನೆಗೆ ನಾವು ಬಂದದ್ದು ವೆನ್ಲಾ ಹುಟ್ಟುವ ಮೊದಲು. ನನ್ನ ಗಂಡ ಓಸ್ಸಿ ಬೆಳಕು ಹರಿಯುವ ಮೊದಲೇ ನಮ್ಮ ಕಾರು ತೆಗೆದುಕೊಂಡು ಕೆಲಸಕ್ಕೆ ಹೋಗುತ್ತಾನೆ. ಹಾಗಾಗಿ ವೆನ್ಲಾಳನ್ನು ಶಿಶುವಿಹಾರಕ್ಕೆ ಬಿಡುವುದು ಮಾವನ ಕಾರಿನಲ್ಲಿ. ಪ್ರತಿ ಬೆಳಿಗ್ಗೆ. ಆ ಕಾರಿನಲ್ಲಿ.

ಚಳಿಗಾಲದಲ್ಲಿ ನಮ್ಮಲ್ಲಿ ಕಾರಿಗೂ ಮನೆಯ ಕರೆಂಟು ಕೊಡಬೇಕು. ಗೋಡೆಯ ಸಾಕೆಟ್ಟಿನಿಂದ ಕೇಬಲ್ ಎಳೆದು ಕಾರಿನ ಮೂತಿಗೆ ಸಿಕ್ಕಿಸಿದರೆ ಒಳಗಿನ ಹೀಟರು ಇಂಜಿನ್ನನ್ನು ಬೆಚ್ಚಗೆ ಮಾಡುತ್ತದೆ. ಹೊರಡುವಾಗ ಕೇಬಲ್ ಕಿತ್ತು ಗೋಡೆಯ ಮೊಳೆಗೆ ನೇತುಹಾಕಬೇಕು. ಅದನ್ನು ಮರೆತು ಹೊರಟುಬಿಡುವುದು ಇಲ್ಲಿನ ಗಂಡಸರಿಗೆ ಹಬೆಸ್ನಾನದ ಸೌನಾದಿಂದ ಟವೆಲ್ ಇಲ್ಲದೆ ಅಂಚೆಯವನ ಮುಂದೆ ಬರುವುದಕ್ಕಿಂತ ದೊಡ್ಡ ಅವಮಾನ. ಎಲ್ಲರೂ ಒಮ್ಮೆ ಮಾಡಿರುತ್ತಾರೆ. ಯಾರೂ ಒಪ್ಪಿಕೊಂಡಿಲ್ಲ.

ಮಾವ ಈ ಜನವರಿಯಲ್ಲಿ ಮಾಡಿದರು. ಮಾಡಿದ್ದಲ್ಲದೆ ಕಿತ್ತುಬಂದ ಕೇಬಲನ್ನು ಬಾಲದ ಹಾಗೆ ಎಳೆದುಕೊಂಡು ಊರ ಅಂಗಡಿಯ ತನಕ ಹೋದರು. ದಾರಿಯಲ್ಲಿ ಚರ್ಚಿನ ಮುಂದೆ ಜನ ಇದ್ದರು, ಬಸ್ಸಿಗೆ ಕಾಯುವವರಿದ್ದರು, ಅಂಗಡಿಯ ಮುಂದೆ ಅವರ ಜೊತೆ ಕಾಫಿ ಕುಡಿಯುವ ಗುಂಪೇ ಇತ್ತು. ಒಬ್ಬರೂ ಉಸಿರೆತ್ತಲಿಲ್ಲ. ಇನ್ನೊಬ್ಬರ ವಿಷಯಕ್ಕೆ ಬಾಯಿ ಹಾಕುವುದು ನಮ್ಮ ಜನರ ಜಾಯಮಾನವಲ್ಲ. ಬಾಲ ಅವರದು, ಎಳೆದುಕೊಂಡು ಹೋಗುವ ಹಕ್ಕೂ ಅವರದೇ. ಮಾವ ಹಾಲು, ರೈ ಬ್ರೆಡ್ಡು ಕೊಂಡು ಅದೇ ಬಾಲ ಬೀಸುತ್ತ ಮನೆಗೆ ಬಂದರು. ಕಿಟಕಿಯಿಂದ ನೋಡಿದ ಅತ್ತೆ ನನಗೆ ಹೇಳಿದ್ದು ಇಷ್ಟೇ: "ಏನೂ ಕೇಳ್ಬೇಡ."

ಕೇಳಲಿಲ್ಲ. ಹೊಸ ಕೇಬಲ್ ಊರ ಅಂಗಡಿಯಲ್ಲೇ ಸಿಗುತ್ತದೆ. ಆದರೆ ಕೊಳ್ಳಲು ಹೋದರೆ ಹಳೆಯದಕ್ಕೆ ಏನಾಯಿತು ಎಂದು ಅಂಗಡಿಯವನು ಮನಸ್ಸಿನಲ್ಲಾದರೂ ಕೇಳಿಕೊಳ್ಳುತ್ತಾನಲ್ಲ. ಮಾವ ಶೆಡ್ಡಿಗೆ ಹೋಗಿ ಹಳೆಯ ವ್ಯಾಕ್ಯೂಮ್ ಕ್ಲೀನರಿನ ವೈರು ಕತ್ತರಿಸಿ ತಂದು, ಹರಿದುಹೋದ ಕೇಬಲಿಗೆ ಜೋಡಿಸಿ, ಟೇಪು ಸುತ್ತಿದರು. ಕೇಬಲಿನಲ್ಲಿ ಇದ್ದದ್ದು ಮೂರು ತಂತಿ, ವ್ಯಾಕ್ಯೂಮ್ ಕ್ಲೀನರಿನಲ್ಲಿ ಇದ್ದದ್ದು ಎರಡು. ಉಳಿದುಹೋದ ಆ ಹಳದಿ-ಹಸಿರು ತಂತಿಯನ್ನು ಮಡಚಿ ಟೇಪಿನೊಳಗೆ ಮುಚ್ಚಿದರು. ಅದನ್ನು ನಾನು ಹಿಮ ಗುಡಿಸುತ್ತ ನೋಡಿದೆ.

"ಮಾವ, ಅದು ಅರ್ಥಿಂಗ್ ಅಲ್ವಾ? ಅದನ್ನ ಜೋಡಿಸ್ದೆ ಬಿಡಬಹುದಾ?"

"ಎರಡು ತಂತಿ ಕೆಲ್ಸ ಮಾಡ್ತವೆ ನೋರಾ. ಮೂರನೇದು ಕೇಬಲ್ ಮಾರೋನ ಲಾಭಕ್ಕೆ ಇರೋದು."

"ಹಾಗಾದ್ರೆ ಎಲ್ಲಾ ಕೇಬಲ್‌ಗೂ ಯಾಕೆ ಹಾಕ್ತಾರೆ?"

"ಟಾಂಪೆರೆಯವ್ರು ಕೇಳ್ತಾರೆ ಅಂತ" ಎಂದು ಹಲ್ಲಿನಲ್ಲಿ ಟೇಪು ಕತ್ತರಿಸಿದರು.

ಅಲ್ಲಿಂದ ಶುರುವಾಯಿತು. ಮೊದಮೊದಲು ಯಾರಾದರೂ ಕಾರಿನ ಬಾಗಿಲು ಮುಟ್ಟಿದರೆ ಸಾಕು, ಮನೆಯ ಮೀಟರು ಪೆಟ್ಟಿಗೆಯಲ್ಲಿ ಟಪ್ ಅಂತ ಒಂದು ಸ್ವಿಚ್ಚು ಬಿದ್ದು ಅರ್ಧ ಮನೆ ಕತ್ತಲಾಗುತ್ತಿತ್ತು. ಕರೆಂಟು ಸೋರಿದರೆ ತಾನೇ ಬಿದ್ದುಕೊಂಡು ಜೀವ ಉಳಿಸುವ ಸ್ವಿಚ್ಚು ಅದು. ನಿಷ್ಠೆಯಿಂದ ದಿನಾ ಬೀಳುತ್ತಿತ್ತು. ಒಂದು ಸಂಜೆ ಕಾಫಿಗೆ ಕೂತಾಗ ಮಾವ ಬಲು ಸಂತೋಷದಲ್ಲಿದ್ದರು. "ಆ ಸ್ವಿಚ್ಚಿನ ಕಾಟ ಮುಗೀತು. ಕಾಂಟ್ಯಾಕ್ಟ್ ಸರಿ ಇರ್ಲಿಲ್ಲ. ಅದನ್ನ ಬಿಟ್ಟು ನೇರವಾಗಿ ಲೈನ್ ಕೊಟ್ಟಿದೀನಿ."

ಬೊಗಳುವ ನಾಯಿಗೆ ಗುಂಡು ಹೊಡೆದು, ಇನ್ನು ಕಳ್ಳರ ಭಯವಿಲ್ಲ ಎಂದು ಮಲಗಿದ ಹಾಗೆ. ಮೇಜಿನ ಸುತ್ತ ಕೂತವರೆಲ್ಲ ಏಲಕ್ಕಿ ಬನ್ನನ್ನು ಕಾಫಿಯಲ್ಲಿ ಅದ್ದುತ್ತಲೇ ಇದ್ದರು.

ಆಮೇಲಿನ ಭಾನುವಾರವೇ ವೆನ್ಲಾ ಕಾರು ಕಚ್ಚುತ್ತದೆ ಎಂದದ್ದು.

ಅಂದು ಮನೆಗೆ ಬಂದ ಮೇಲೆ ಓಸ್ಸಿಯನ್ನು ಹಿಡಿದುಕೊಂಡೆ. "ನಿಂಗೂ ಶಾಕ್ ಹೊಡ್ದಿದೆ ತಾನೆ? ನಿಜ ಹೇಳು."

"ಚುರ್ ಅನ್ನತ್ತೆ, ಅಷ್ಟೆ."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ಅಪ್ಪಂಗೆ ಬೇಜಾರಾಗತ್ತೆ ನೋರಾ. ನಾನು ಬೂಟಲ್ಲಿ ಬಾಗಿಲು ಮುಚ್ತೀನಿ, ಏನೂ ಆಗಲ್ಲ."

"ಎರಡೂವರೆ ವರ್ಷದ ಮಗು ಬೂಟಲ್ಲಿ ಬಾಗಿಲು ತೆಗಿಯತ್ತಾ?"

"ನೀನು ಎಲ್ಲಕ್ಕೂ ಹೆದರ್ತೀಯ" ಅಂದ. ಅದು ಸುಳ್ಳಲ್ಲ. ಗಂಟಲಲ್ಲಿ ಸಿಕ್ಕೀತೆಂದು ನಾನು ದ್ರಾಕ್ಷಿ ಹಣ್ಣಿಗೆ ಹೆದರುತ್ತೇನೆ, ಕಪಾಟು ಬೀಳುತ್ತದೆ ಎಂದು ಹೆದರುತ್ತೇನೆ, ಮಗು ಜಾಸ್ತಿ ಹೊತ್ತು ಮಲಗಿದರೂ ಹೆದರುತ್ತೇನೆ. ಎಲ್ಲಕ್ಕೂ ಹೆದರುವವಳಿಗೆ ಇರುವ ಕಷ್ಟ ಇದೇ: ನಿಜವಾದ ಹೆದರಿಕೆ ಬಂದಾಗಲೂ ಮನೆಯವರು ಅದನ್ನು ಹಳೆಯ ರಾಶಿಗೇ ಹಾಕಿಬಿಡುತ್ತಾರೆ.

ಅತ್ತೆಯ ಬಳಿ ಹೋದೆ. ಅವರು ಹೊರಗೆ ಹೊರಡಲು ದಪ್ಪ ಉಣ್ಣೆಯ ಕೈಗವಸಿನ ಮೇಲೆ ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಏರಿಸಿಕೊಳ್ಳುತ್ತಿದ್ದರು.

"ಅತ್ತೆ, ಇದೇನಿದು?"

"ಕಾರಿಗೆ" ಅಂದರು. "ಕೇಬಲ್ ಹಾಕಿದ್ದಾಗ ಮಾತ್ರ ಹೊಡಿಯೋದು. ಕಿತ್ತ ಮೇಲೆ ಏನಿಲ್ಲ."

"ಮಾವಂಗೆ ಹೇಳಿದ್ರಾ?"

"ನಲ್ವತ್ತು ವರ್ಷದಲ್ಲಿ ಅವ್ರಿಗೆ ನಾನು ಏನು ಹೇಳಿದೀನಿ ಅಂತ?" ಎಂದು ರಬ್ಬರ್ ಕೈಗವಸು ಪಟ್ ಅನ್ನಿಸಿ ಸರಿಮಾಡಿಕೊಂಡರು.

ಕೊನೆಗೆ ನಾನೇ ಹೇಳಿದೆ. ಅದಕ್ಕೂ ಪಕ್ಕದ ಮನೆಯ ಲೆಂಪಿಯ ನಾಯಿಯೇ ಕಾರಣವಾಗಬೇಕಾಯಿತು. ಒಂದು ಮಧ್ಯಾಹ್ನ ಆ ನಾಯಿ ಒದ್ದೆ ಮೂಗಿನಿಂದ ಕಾರಿನ ಚಕ್ರದ ಮೇಲಿನ ತಗಡು ಮೂಸಿ, ಕುಂಯ್ಯೋ ಎಂದು ಕಿರುಚಿ, ಬೇಲಿ ಹಾರಿ ಓಡಿತು. ಮಾವ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಮಾವ, ಕಾರಿಗೆ ಕರೆಂಟ್ ಬರ್ತಿದೆ."

"ಏನಿಲ್ಲ. ಗಾಳಿ ಒಣಗಿದೆ, ಉಣ್ಣೆ ಬಟ್ಟೆ ಹಾಕಿದ್ರೆ ಮೈಯಲ್ಲಿ ಕಿಡಿ ಹುಟ್ಟತ್ತೆ. ಶಾಲೇಲಿ ಹೇಳ್ಕೊಡ್ಲಿಲ್ವಾ?"

"ನಾಯಿ ಉಣ್ಣೆ ಬಟ್ಟೆ ಹಾಕಿರ್ಲಿಲ್ಲ."

"ಅದರ ಮೈಯೇ ಉಣ್ಣೆ."

ಮಾವ ಗೆದ್ದವರ ಹಾಗೆ ಕಾರಿನ ಬಳಿ ಹೋಗಿ, ಕೈಗವಸು ಕಳಚಿ, ಬರಿಗೈಯಲ್ಲಿ ಬಾಗಿಲಿನ ಹಿಡಿ ಹಿಡಿದುಕೊಂಡು ನಿಂತರು. ಚುನಾವಣೆಗೆ ನಿಂತವರು ಫೋಟೋಗೆ ನಿಲ್ಲುವ ಹಾಗೆ. "ನೋಡು. ಹೊಡೀತಾ? ಸತ್ನಾ?"

ಅವರ ಕಾಲಲ್ಲಿ ಮೊಣಕಾಲುದ್ದದ ದಪ್ಪ ರಬ್ಬರ್ ಬೂಟುಗಳಿದ್ದವು, ಶೆಡ್ಡಿನಿಂದ ಆಗಷ್ಟೇ ಬಂದಿದ್ದರಿಂದ ಒಣಗಿದ್ದವು.

"ಬೂಟು ತೆಗ್ದು ಹಿಡೀರಿ ಮಾವ."

ಮಾವ ನನ್ನನ್ನು ನೋಡಿದರು. ಬೂಟು ನೋಡಿದರು. ನೆಲದಲ್ಲಿ ಮಾರ್ಚಿನ ಬಿಸಿಲಿಗೆ ಕರಗಿದ ಹಿಮ ಗಂಜಿಯಂತೆ ಬಿದ್ದಿತ್ತು. ಹಿಡಿಯಿಂದ ಕೈ ಮೆಲ್ಲಗೆ ಕೆಳಗಿಳಿಯಿತು.

"ಕಾಫಿ ಆರ್ತಿರತ್ತೆ" ಎಂದು ಒಳಗೆ ಹೋದರು.

ಅಂದರೆ ಅವರಿಗೆ ಗೊತ್ತಿತ್ತು. ಅಲ್ಲಿಯವರೆಗೆ ನನಗೆ ಅವರ ಅಜ್ಞಾನದ ಮೇಲೆ ಸಿಟ್ಟಿತ್ತು, ಅದು ಹೇಗೋ ನುಂಗುವಂಥ ಸಿಟ್ಟು. ಗೊತ್ತಿದ್ದೂ ಒಂದು ಅವಮಾನವನ್ನು ಟೇಪಿನೊಳಗೆ ಸುತ್ತಿಟ್ಟು, ಆ ಟೇಪಿನ ಪಕ್ಕ ಮೊಮ್ಮಗಳನ್ನು ನಿಲ್ಲಿಸುವುದಿದೆಯಲ್ಲ, ಅದನ್ನು ನುಂಗಲು ಆಗಲಿಲ್ಲ. ಅಂದು ರಾತ್ರಿ ಫೋನಿನಲ್ಲಿ ಎಲೆಕ್ಟ್ರಿಷಿಯನ್ನರ ನಂಬರು ಹುಡುಕಿ ಇಟ್ಟುಕೊಂಡೆ. ಕರೆ ಮಾಡಲಿಲ್ಲ. ಮಾಡಿದರೆ ಊರಿಗೆಲ್ಲ ಗೊತ್ತಾಗುತ್ತದೆ, ಓಸ್ಸಿ ಮಾತು ಬಿಡುತ್ತಾನೆ, ಬಾಡಿಗೆಯಿಲ್ಲದ ಈ ಮನೆಯಲ್ಲಿ ಇರುವ ಮುಖ ಇರುವುದಿಲ್ಲ. ಹೀಗೆಲ್ಲ ಲೆಕ್ಕ ಹಾಕುವ ಹೊತ್ತಿಗೆ ನಾನೂ ಇದೇ ಊರಿನವಳಾಗಿದ್ದೆ.

ಮರುದಿನ ಬೆಳಿಗ್ಗೆ ವೆನ್ಲಾಳಿಗೆ ಬಟ್ಟೆಯ ಮೇಲೆ ಬಟ್ಟೆ ತೊಡಿಸಿ ಅಂಗಳಕ್ಕೆ ಬಿಟ್ಟು, ಬಾಗಿಲಲ್ಲಿ ನನ್ನ ಬೂಟು ಹಾಕಿಕೊಳ್ಳುತ್ತಿದ್ದೆ. ತಲೆ ಎತ್ತಿದರೆ, ಅವಳು ಒಂದು ಕೈಗವಸು ಎಸೆದು ಹಿಮದ ನೀರಿನಲ್ಲಿ ಕೈ ಅದ್ದಿ ಕಾರಿನ ಕಡೆಗೆ ಓಡುತ್ತಿದ್ದಾಳೆ. ಕೇಬಲ್ ಕಾರಿನ ಮೂತಿಯಲ್ಲಿದೆ. ಮಾವ ಇನ್ನೊಂದು ಪಕ್ಕದಲ್ಲಿ ಗಾಜಿನ ಮಂಜು ಕೆರೆಯುತ್ತಿದ್ದಾರೆ.

ಒಂದೇ ಕಾಲಲ್ಲಿ ಬೂಟು, ಇನ್ನೊಂದು ಕಾಲಲ್ಲಿ ಕಾಲುಚೀಲ. ಹಾಗೇ ಓಡಿದೆ. ಮಗುವಿನ ಟೋಪಿಯ ತುದಿ ಸಿಕ್ಕಿತು, ಅದನ್ನು ಹಿಡಿದೇ ಹಿಂದಕ್ಕೆ ಎಳೆದು ಎತ್ತಿಕೊಂಡೆ. ಅವಳು ಅರಚಿಕೊಂಡಳು. ನೇರ ಗೋಡೆಗೆ ಹೋಗಿ ಸಾಕೆಟ್ಟಿನಿಂದ ಪ್ಲಗ್ ಕಿತ್ತೆ.

ಮಾವ ಕೆರೆಯುವುದನ್ನು ನಿಲ್ಲಿಸಿದರು. ಬಂದು ನನ್ನ ಕೈಯಿಂದ ಪ್ಲಗ್ ತೆಗೆದುಕೊಂಡು ಮತ್ತೆ ಸಾಕೆಟ್ಟಿಗೆ ಹಾಕಿದರು. ನಾನು ಮತ್ತೆ ಕಿತ್ತೆ. ಅವರು ಮತ್ತೆ ಹಾಕಿದರು. ನಮ್ಮಲ್ಲಿ ಜಗಳ ಹೀಗೇ ಆಗುತ್ತದೆ. ಬೇಲಿಯಾಚೆಯಿಂದ ನೋಡಿದವರಿಗೆ ಇಬ್ಬರೂ ಸೇರಿ ಏನೋ ರಿಪೇರಿ ಮಾಡುತ್ತಿದ್ದೇವೆ ಅನ್ನಿಸಿರಬೇಕು.

"ಇಂಜಿನ್ ತಣ್ಣಗಾಗತ್ತೆ" ಅಂದರು ಮಾವ.

"ಆಗ್ಲಿ."

"ನನ್ನ ಮನೆ ಕರೆಂಟು, ನನ್ನ ಕಾರು."

"ಮಗು ನಂದು."

ಅತ್ತೆ ಮೆಟ್ಟಿಲಿನ ಮೇಲೆ ಬಂದು ನಿಂತಿದ್ದರು. ಮಾವ ಅವರ ಕಡೆ ತಿರುಗಿ, "ಇವಳಿಗೆ ನೀನಾದ್ರೂ ಹೇಳು" ಅಂದರು. ಅತ್ತೆ ಒಂದೊಂದೇ ಮೆಟ್ಟಿಲು ಇಳಿದು ಬಂದರು, ಪ್ಲಗ್ಗನ್ನು ತಾವೇ ಕಿತ್ತರು, ನನ್ನ ಕೈಯಲ್ಲಿಟ್ಟು, ಬೆರಳುಗಳನ್ನು ಅದರ ಮೇಲೆ ಮಡಚಿದರು. ಆಮೇಲೆ ಗಂಡನಿಗೂ ಸಾಕೆಟ್ಟಿಗೂ ನಡುವೆ ಗೋಡೆಗೊರಗಿ ನಿಂತರು. ದಪ್ಪನೆಯ ಹೆಂಗಸು, ಸಾಕೆಟ್ಟು ಕಾಣದಾಯಿತು.

ಮಾವನ ಕೈಯಲ್ಲಿ ಮಂಜು ಕೆರೆಯುವ ಪ್ಲಾಸ್ಟಿಕ್ ತುಂಡು ಹಾಗೇ ಇತ್ತು. "ಜೋಡಿಸೋ ಕಡೆ ಸ್ವಲ್ಪ ಕಾಂಟ್ಯಾಕ್ಟ್..." ಎಂದು ಶುರುಮಾಡಿದವರು ಅತ್ತೆಯ ಮುಖ ನೋಡಿ ಮುಂದುವರಿಸಲಿಲ್ಲ.

ನನ್ನ ಒದ್ದೆ ಕಾಲು ಮರಗಟ್ಟುತ್ತಿತ್ತು. ಕಂಕುಳಲ್ಲಿ ಮಗು, ಒಂದು ಕೈಯಲ್ಲಿ ಪ್ಲಗ್. ಇನ್ನೊಂದು ಕೈಯಲ್ಲಿ ಜೇಬಿನಿಂದ ಫೋನ್ ತೆಗೆದು, ಹುಡುಕಿಟ್ಟಿದ್ದ ಎಲೆಕ್ಟ್ರಿಷಿಯನ್ ನಂಬರನ್ನು ಹೆಬ್ಬೆರಳಿನಲ್ಲಿ ಒತ್ತಿದೆ. ಮಾವ ಕೇಳಿಸಿಕೊಳ್ಳಲಿ ಎಂದೇ ಅಲ್ಲಿಂದ ಕದಲಲಿಲ್ಲ. ಹೆಂಗಸೊಬ್ಬಳ ದನಿ ಬಂತು, ಹಿಂದೆ ಯಾವುದೋ ಡ್ರಿಲ್ಲಿನ ಸದ್ದು.

"ಕಾರಿನ ಹೀಟರ್ ಕೇಬಲ್ಲು" ಅಂದೆ. "ಅರ್ಥಿಂಗ್ ಇಲ್ಲ. ಮನೆಯ ಸೇಫ್ಟಿ ಸ್ವಿಚ್ಚನ್ನೂ ಬಿಟ್ಟು ನೇರವಾಗಿ ಲೈನ್ ಕೊಟ್ಟಿದ್ದಾರೆ. ಕಾರು ಮುಟ್ಟಿದ್ರೆ ಶಾಕ್ ಹೊಡಿಯುತ್ತೆ."

ಡ್ರಿಲ್ ನಿಂತಿತು. "ಯಾರಾದ್ರೂ ಈಗ ಕಾರಿನ ಹತ್ರ ಇದಾರಾ?"

"ನಮ್ಮ ಮಾವ ಇದಾರೆ. ಪ್ಲಗ್ ನನ್ನ ಕೈಯಲ್ಲಿದೆ."

"ಕೊಡ್ಬೇಡಿ. ಮೇನ್ ಸ್ವಿಚ್ಚೂ ಆಫ್ ಮಾಡ್ಸಿ. ಯಾರು ಹಾಗೆ ಲೈನ್ ಕೊಟ್ಟಿದ್ದು?"

ಮಾವ ನನ್ನನ್ನೇ ನೋಡುತ್ತಿದ್ದರು. ಹೇಳಬೇಡ ಎಂದು ಬಾಯಿಬಿಟ್ಟು ಕೇಳುವವರಲ್ಲ ಅವರು. ಆ ಕಣ್ಣುಗಳು ಮಾತ್ರ ಕೇಳುತ್ತಿದ್ದವು, ಕಾಡಿನಲ್ಲಿ ಲಾರಿ ನಿಂತಾಗ ಹೀಗೇ ಇರುತ್ತಿದ್ದವೋ ಏನೋ.

"ಓಯ್ವಾ ಪಿಕ್ಕರೈನೆನ್" ಅಂದೆ. "ನಮ್ಮ ಮಾವ. ಅವರ ಮನೆಗೇ ನೀವು ಬರಬೇಕಾಗಿರೋದು. ಇವತ್ತೇ ಬನ್ನಿ."